ಎಲ್ಲ ಬಟನ್ ಒತ್ತುವ ಮಾತ್ರೆ

“ನಿಂತಿದೆ ಅಂತ ನಿಮ್ಮ ಬಾಯಿ ಹೇಳ್ತು. ಕೈ ಎಲ್ಲಿ ಹಾಳಾಗಿ ಹೋಗಿತ್ತು ಭಾವ?”

ಲಿಫ್ಟ್ ಮೆಕ್ಯಾನಿಕ್‌ಗೆ ಪಿತ್ತ ನೆತ್ತಿಗೇರಿತು. ಹೆಂಡತಿಯ ತಮ್ಮ, ತಾನೇ ಸ್ಪ್ಯಾನರ್ ಹಿಡಿಯಲು ಕಲಿಸಿದ ಹುಡುಗ, ಕಟ್ಟಡದ ನೆತ್ತಿಯ ಯಂತ್ರದ ಕೋಣೆಯಲ್ಲಿ ನಿಂತು ತನ್ನನ್ನೇ ದಬಾಯಿಸುತ್ತಿದ್ದಾನೆ.

“ಬೆರಳೆಲ್ಲ ಇವೆ ತಾನೇ? ಮತ್ಯಾಕೋ ಅರಚ್ತೀಯ?”

“ಇವೆ. ನಿಮ್ಮ ದಯೆಯಿಂದಲ್ಲ.”

ಇಬ್ಬರ ಕೆಲಸಕ್ಕೂ ಒಂದೇ ಕಟ್ಟಳೆ. ಒಬ್ಬ ಲಿಫ್ಟ್ ಪೆಟ್ಟಿಗೆಯ ತಲೆಯ ಮೇಲೆ ಕತ್ತಲೆಯಲ್ಲಿ ನಿಲ್ಲುತ್ತಾನೆ, ಇನ್ನೊಬ್ಬ ಮೇಲೆ ಯಂತ್ರದ ಹತ್ತಿರ. ಕೆಳಗಿನವನು ಸ್ಟಾಪ್ ಸ್ವಿಚ್ ಒತ್ತಿ ‘ನಿಂತಿದೆ’ ಎಂದು ಕೂಗಬೇಕು. ಮೇಲಿನವನು ಅದನ್ನೇ ತಿರುಗಿ ಕೂಗಿ, ಆಮೇಲಷ್ಟೇ ಉಕ್ಕಿನ ಹಗ್ಗಕ್ಕೆ ಕೈ ಹಚ್ಚಬೇಕು. ಇವತ್ತು ಕೆಳಗಿದ್ದ ಮೆಕ್ಯಾನಿಕ್ ಕೂಗಿದ, ಒತ್ತಲಿಲ್ಲ. ಯಾವುದೋ ಮಹಡಿಯಲ್ಲಿ ಯಾರೋ ಲಿಫ್ಟ್ ಕರೆದರು. ಹಗ್ಗ ಓಡಿತು, ಮೈದುನ ಹಿಡಿದಿದ್ದ ಒರೆಸುವ ಬಟ್ಟೆ ಗಾಲಿಯೊಳಗೆ ಹೋಗಿ ಚಿಂದಿಯಾಯಿತು. ಕಣ್ಣು ಮಿಟುಕಿಸುವಷ್ಟು ತಡವಾಗಿದ್ದರೆ ಕೈಯೂ ಹೋಗುತ್ತಿತ್ತು.

“ಆ ಮಾತ್ರೆ ಇನ್ನೂ ನುಂಗ್ತಿದ್ದೀರಾ?” ಮೈದುನನ ದನಿ ಈಗ ಇಳಿದಿತ್ತು.

ಹಿಂದೊಮ್ಮೆ ಪೆಟ್ಟಿಗೆ ಜಾರಿ, ಮೆಕ್ಯಾನಿಕ್‌ನನ್ನು ಹೊತ್ತುಕೊಂಡೇ ಧಡಕ್ಕನೆ ಕುಸಿದು ನಿಂತಿತ್ತು. ಅಂದಿನಿಂದ ಲಿಫ್ಟ್ ಓಡಾಡುವ ಆ ಬಾವಿಯಂಥ ಕಿಂಡಿಯ ಬಾಗಿಲು ತೆರೆದರೆ ಸಾಕು, ಎದೆ ಡವಗುಟ್ಟುತ್ತಿತ್ತು. ಡಾಕ್ಟರಮ್ಮ ಕೆಲವೇ ದಿನಕ್ಕೆಂದು ಮಾತ್ರೆ ಬರೆದಿದ್ದರು, ಅದು ಇರುವಷ್ಟು ದಿನ ಕಿಂಡಿಯ ಕೆಲಸ ಬೇಡ ಎಂದೂ ಹೇಳಿದ್ದರು. ಇವನು ಎರಡನ್ನೂ ಗಾಳಿಗೆ ತೂರಿ, ಅಂಗಡಿಯಿಂದ ಅಂಗಡಿಗೆ ಅಲೆದು ಮಾತ್ರೆ ತಂದು ನುಂಗುತ್ತಲೇ ಇದ್ದ. ಭಯಕ್ಕೆ ಕೊಟ್ಟದ್ದು ಭಯವನ್ನಷ್ಟೇ ಮುಟ್ಟುತ್ತದೆ ಎಂಬುದು ಅವನ ಲೆಕ್ಕ.

ಮೈದುನ ಅಂದೇ ಅವನನ್ನು ದರದರ ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದ. ಅವರಿಗೆ ನೆಗಡಿ, ಸಿಡುಕೂ ಇತ್ತು. ಮೊದಲು ಬೈದರು, ಆಮೇಲೆ ತಿಳಿಸಿ ಹೇಳಿದರು. ‘ಸಾಕು, ಸುಮ್ಮನಿರು’ ಎನ್ನುವ ಒಂದು ರಾಸಾಯನಿಕ ಮಿದುಳಿನಲ್ಲೇ ಇದೆಯಂತೆ. ನರಕೋಶಗಳ ಮೇಲೆ ಆ ಮಾತನ್ನು ಕೇಳಿಸಿಕೊಳ್ಳುವ ಗ್ರಾಹಕಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ, ಮುಖ ಒಂದೇ, ಕಸುಬು ಬೇರೆ ಬೇರೆ. ಒಂದು ಬಗೆಯದು ಹೆಚ್ಚಾಗಿ ಮಂಪರು ತರುತ್ತದೆ, ನೆನಪನ್ನು ಮಸುಕು ಮಾಡುತ್ತದೆ. ಇನ್ನೊಂದು ಭಯವನ್ನು ತಣಿಸುತ್ತದೆ, ಮತ್ತೊಂದು ಸ್ನಾಯು ಸಡಿಲಿಸುತ್ತದೆ. ಮಾತ್ರೆಗೆ ಅವುಗಳ ಗುರುತು ಹತ್ತುವುದಿಲ್ಲ. ಎಲ್ಲದರ ಕಿವಿಯಲ್ಲೂ ಆ ಮಾತನ್ನು ಇನ್ನಷ್ಟು ಜೋರು ಮಾಡುತ್ತದೆ.

“ಅಂದ್ರೆ, ಒಂದು ಮಹಡಿಗೆ ಹೋಗೋನು ಲಿಫ್ಟಲ್ಲಿ ಎಲ್ಲಾ ಬಟನ್ ಒತ್ತಿದ ಹಾಗೆ,” ಎಂದ ಮೆಕ್ಯಾನಿಕ್.

ಡಾಕ್ಟರಮ್ಮ ಮೂಗೊರೆಸಿಕೊಂಡು ನಕ್ಕರು. “ಹ್ಞೂ, ಅದೇ. ಭಯದ ಬಟನ್ ಒಂದನ್ನೇ ಒತ್ತೋ ಮಾತ್ರೆ ಹುಡುಕ್ತಾ ಇದ್ದಾರೆ. ನಿಮಗೆ ಬರೆದುಕೊಡೋಕೆ ನನ್ನ ಹತ್ರ ಇನ್ನೂ ಇಲ್ಲ.”

ಒಮ್ಮೆಲೇ ಬಿಟ್ಟರೆ ಅಪಾಯ, ಮೆಲ್ಲಗೆ ಇಳಿಸಬೇಕು, ತಿಂಗಳುಗಳೇ ಹಿಡಿಯಬಹುದು ಎಂದರು. ಭಯಕ್ಕೆ ಬೇರೆ ಚಿಕಿತ್ಸೆ ಶುರುಮಾಡೋಣ, ಮಾತ್ರೆ ಪೂರ್ತಿ ಬಿಡುವವರೆಗೆ ಕಿಂಡಿಯ ಕಡೆ ತಲೆ ಹಾಕಕೂಡದು.

ಮೆಕ್ಯಾನಿಕ್ ಮೈದುನನ ಜೊತೆ ಮನೆಯ ದಾರಿ ಹಿಡಿದ. ಮಾತ್ರೆಯನ್ನು ಶಪಿಸಲು ಮನಸ್ಸು ಬರಲಿಲ್ಲ, ಕಣ್ಣಿಗೆ ನಿದ್ದೆ ಕೊಟ್ಟದ್ದು ಅದೇ. ಆದರೆ ಇಷ್ಟು ವರ್ಷ ಅವನ ಕೈಯನ್ನು ಸ್ವಿಚ್‌ವರೆಗೆ ನೂಕುತ್ತಿದ್ದದ್ದು ಒಂದು ಹಿಡಿ ಭಯವೇ. ಅದು ಮಲಗಿದಾಗ ಮೈದುನನನ್ನು ಕಾಯಲು ಅಲ್ಲಿ ಯಾರೂ ಎಚ್ಚರವಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಮೈದುನನ ಗಾಯವಿಲ್ಲದ ಕೈಯನ್ನು ಅವನು ಮತ್ತೆ ಮತ್ತೆ ನೋಡಿದ. ಬೈದು ಎಳೆದುಕೊಂಡು ಬಂದ ಕೈಯೂ ಅದೇ.

ಮರುದಿನ ಯಂತ್ರದ ಕೋಣೆಗೆ ಹೋಗಿ, ಬೀಗದ ಕೈಗಳನ್ನೂ ತಲೆಗೆ ಕಟ್ಟುವ ದೀಪವನ್ನೂ ಮೈದುನನ ಅಂಗೈಯಲ್ಲಿಟ್ಟ.

“ಇನ್ಮೇಲೆ ನೀನೇ ದೊಡ್ಡವನು. ನಾನು ವರ್ಕ್‌ಶಾಪಲ್ಲಿ ಬಾಗಿಲಿನ ಮೋಟಾರ್ ರಿಪೇರಿ ಮಾಡ್ಕೊಂಡಿರ್ತೀನಿ.”

“ಭಾವ, ನಿನ್ನೆ ಸಿಟ್ಟಲ್ಲಿ ಏನೇನೋ ಅಂದೆ...”

“ಅಂದಿದ್ದಕ್ಕೇ ಮುಂದೆ ನಿನ್ನ ಕೈ ಉಳಿಯುತ್ತೆ, ನನ್ನ ಮರ್ಯಾದೇನೂ ಉಳೀತು. ಹಾಗೇ ಅಂತಿರು, ಪುಣ್ಯಾತ್ಮ.”

ಅವನು ಮೆಟ್ಟಿಲಿಳಿದ. ಚಹಾ ಬಂದಿದೆ, ಕುಡಿದು ಹೋಗಿ ಭಾವ ಎಂದು ಮೈದುನ ಮೇಲಿನಿಂದ ಕೂಗಿದ. ಮೆಕ್ಯಾನಿಕ್ ಕೈ ಎತ್ತಿದನೇ ಹೊರತು ತಿರುಗಲಿಲ್ಲ. ಆ ಕೋಣೆಗೆ ಅವನು ಮತ್ತೆ ಬರಲಿಲ್ಲ.