ಕುನಿಯ ನೆಂಟರು

ಕಿಲಿಯಾನನ ತಲೆಯಲ್ಲಿ ಕತ್ತರಿಸಲು ಈಗ ಏನೂ ಉಳಿದಿಲ್ಲ. ಆದರೂ ಆ ಸೆಪ್ಟೆಂಬರ್ ಬೆಳಿಗ್ಗೆ ಬಂದು ನನ್ನ ಕುರ್ಚಿಯಲ್ಲಿ ಕೂತ. ನಾನು ಕ್ಷೌರದಂಗಡಿ ಮುಚ್ಚಿ ವರ್ಷಗಳಾದವು. ಕುರ್ಚಿಯನ್ನು ಮಾತ್ರ ಅಡುಗೆಮನೆಯ ಕಿಟಕಿ ಪಕ್ಕ ಇಟ್ಟುಕೊಂಡಿದ್ದೇನೆ, ಇಂಥ ಹಠಮಾರಿಗಳಿಗೋಸ್ಕರ.

"ನೀಟಾಗಿ ಮಾಡು ರೆಗೀನಾ. ಬೆಳೆಹಾನಿ ನೋಡೋ ಮೇಡಂ ಬರ್ತಿದ್ದಾಳೆ ಹೊಲಕ್ಕೆ."

"ಅವಳು ನೋಡೋದು ಹಂದಿ ತಿಂದ ಜೋಳಾನ. ನಿನ್ನ ಕುತ್ತಿಗೆನಲ್ಲ."

ಅವನು ನಗಲಿಲ್ಲ. "ಆ ಮೂಲೆ ಹೋಗತ್ತೆ ಕಣೇ," ಎಂದ.

ಮೂಲೆ ಎಂದರೆ ಯಾವುದೆಂದು ನನಗೆ ಗೊತ್ತು. ಸ್ಪೆಸಾರ್ಟ್ ಕಾಡಿನ ಅಂಚಿಗೆ, ಓಕ್ ಮರಗಳ ಕೆಳಗೆ ಅವನ ಮೆಕ್ಕೆಜೋಳದ ಹೊಲ. ಸೊಂಟ ಕೈಕೊಟ್ಟ ಮೇಲೆ ಅದನ್ನು ತಮ್ಮನ ಮಗ ಲೊರೆನ್ಸ್‌ಗೆ ಬಿಟ್ಟುಕೊಟ್ಟಿದ್ದ. ಲೊರೆನ್ಸ್ ಸುತ್ತಲೂ ಕರೆಂಟಿನ ತಂತಿ ಎಳೆದ, ಕಳೆಗೆ ಔಷಧಿ ಹೊಡೆದ. ಓಕ್ ಮರಗಳ ಮೂಲೆಯನ್ನು ಮಾತ್ರ ತಂತಿಯ ಹೊರಗೆ ಬಿಡಬೇಕು, ಅಲ್ಲಿ ಔಷಧಿಯನ್ನೂ ಹೊಡೆಯಬಾರದು ಎಂದು ದೊಡ್ಡಪ್ಪ ಪಟ್ಟು ಹಿಡಿದಿದ್ದ. ಪ್ರತಿ ವರ್ಷ ಕಾಡುಹಂದಿಗಳು ಬಂದು ಆ ಮೂಲೆಯನ್ನು ಗುಡಿಸಿ ಹಾಕುತ್ತಿದ್ದವು. ಈ ವರ್ಷ ಲೊರೆನ್ಸ್‌ನ ತಾಳ್ಮೆ ಮುಗಿದಿತ್ತು. ಹಾನಿ ಎಂದು ಬರೆಸಿಬಿಟ್ಟರೆ ಈ ಕಾಡಿನಲ್ಲಿ ಬೇಟೆಯ ಹಕ್ಕು ಹಿಡಿದ ಗುತ್ತಿಗೆದಾರ ನಷ್ಟ ಕಟ್ಟಿಕೊಡುತ್ತಾನೆ. ಆದರೆ ನಿಯಮದ ಪ್ರಕಾರ ಮುಂದಿನ ವರ್ಷದಿಂದ ಆ ಮೂಲೆಗೂ ಬೇಲಿ ಹಾಕಲೇಬೇಕು.

ಹುಡುಗ ಕೆಟ್ಟವನಲ್ಲ. ಕಟ್ಟುನಿಟ್ಟಿನ ಬೇಸಾಯಗಾರ, ಅಷ್ಟೇ.

ತಂತಿ ಬರುವ ಮೊದಲು ನಮ್ಮೂರಿನ ಹೊಲಗಳನ್ನು ಕಾಯುತ್ತಿದ್ದುದು ನನ್ನ ಅಂಗಡಿ. ಮನುಷ್ಯರ ಕೂದಲಿನ ವಾಸನೆಗೆ ಹಂದಿ ಹತ್ತಿರ ಬರುವುದಿಲ್ಲವೆಂದು ಎಲ್ಲರೂ ನಂಬಿದ್ದರು. ಬೇಸಿಗೆಯಲ್ಲಿ ರೈತರು ಚೀಲ ಹಿಡಿದು ಬರುತ್ತಿದ್ದರು. ನಾನು ಗುಡಿಸಿಟ್ಟ ಕೂದಲನ್ನು ಹಳೆಯ ಕಾಲುಚೀಲಗಳಿಗೆ ತುಂಬಿ ಹೊಲದ ಸುತ್ತ ಗೂಟಗಳಿಗೆ ಕಟ್ಟುತ್ತಿದ್ದರು. ಯಾವ ಗೂಟದಲ್ಲಿ ಯಾರ ತಲೆ ಎಂಬುದು ಊರಿಗೇ ಗೊತ್ತು. ಪಾದ್ರಿಗಳ ಕೂದಲು ಕಟ್ಟಿದ ಕಡೆ ಹಂದಿ ನುಗ್ಗಿದರೆ "ಪಾಪನಿವೇದನೆಗೆ ಬಂದಿರಬೇಕು" ಎಂದು ಹೆಂಡದಂಗಡಿಯಲ್ಲಿ ನಗುತ್ತಿದ್ದರು. ಕೂದಲು ತೊಳೆದಿರಬಾರದು, ಬೆವರು ಇರಬೇಕು ಎಂಬುದೊಂದೇ ನಿಯಮ. ಆ ನಗು, ಆ ಗೂಟಗಳು, ಗಾಳಿಗೆ ತೂಗಾಡುವ ಆ ಕಾಲುಚೀಲಗಳು ನನಗೆ ಈಗಲೂ ಬೇಕು. ತಂತಿಯ ಬಗ್ಗೆ ನಗಲು ಏನಿದೆ?

ಒಂದು ಜುಲೈಯಲ್ಲಿ ಆಲಿಕಲ್ಲು ಬಿತ್ತು. ಹೆಂಚು ಒಡೆದವು, ಗೋಧಿ ಮಲಗಿತು, ಜೋಳದ ಎಲೆಗಳು ಚಿಂದಿಯಾದವು. ಅರ್ಧ ಹೊಲವಾದರೂ ನಿಂತಿದ್ದು ಕಿಲಿಯಾನನದು ಮಾತ್ರ. ಅವನ ಹಸುಗಳಿಗೆ ಚಳಿಗಾಲದ ಮೇವು ಅದೊಂದೇ. ಚೀಲ ಹಿಡಿದು ಓಡಿ ಬಂದ. ನನ್ನ ನೆಲದ ಮೇಲೆ ಒಂದು ಎಳೆಯೂ ಇರಲಿಲ್ಲ. ಊರೆಲ್ಲ ಸೂರು ಹತ್ತಿ ಕೂತಿರುವಾಗ ಕ್ಷೌರಕ್ಕೆ ಯಾರು ಬರುತ್ತಾರೆ?

ಮರುದಿನ ಬೆಳಿಗ್ಗೆ ಅವನ ಹೆಂಡತಿ ಕುನಿ ಬಂದಳು. ಕುನಿಯ ಜಡೆ ಸೊಂಟದ ಕೆಳಗೆ ಬರುತ್ತಿತ್ತು, ಹಣ್ಣಾದ ಚೆಸ್ಟ್‌ನಟ್ ಕಾಯಿಯ ಕಂದುಗೆಂಪು ಬಣ್ಣ. ಮದುವೆಯ ದಿನ ಅದನ್ನು ಕಟ್ಟಿದವಳು ನಾನೇ.

"ಕತ್ತರಿಸು," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ?"

"ತಲೆ ಇದೆ. ಜಡೆ ಬೇಡ. ಬೇಗ ಮಾಡೇ, ಹಾಲು ಕರೀಬೇಕು."

ಕತ್ತರಿಸಿದೆ. ಅವಳು ಜಡೆಯನ್ನು ಮನೆಗೆ ಒಯ್ದಳು. ಅಲ್ಲಿಯೇ ಎಡವಟ್ಟಾಯಿತು. ನಮ್ಮೂರಿನ ಹೆಂಗಸರ ಸ್ವಭಾವ ಗೊತ್ತಲ್ಲ, ಮೆಟ್ಟಿಲನ್ನೂ ಸೋಪು ಹಾಕಿ ಉಜ್ಜುವವರು. ತನ್ನ ಜಡೆ ಹಸುವಿನ ಕೊಟ್ಟಿಗೆಯ ವಾಸನೆ ಹೊತ್ತು ಹತ್ತು ಜನರ ಕಣ್ಣೆದುರು ನೇತಾಡುವುದೇ? ಛೆ. ಲ್ಯಾವೆಂಡರ್ ಸೋಪು ಹಚ್ಚಿ, ಎರಡು ಸಲ ತೊಳೆದು, ನೆರಳಲ್ಲಿ ಒಣಗಿಸಿ, ತುದಿಗೆ ರಿಬ್ಬನ್ ಕಟ್ಟಿ ಗಂಡನ ಕೈಗೆ ಕೊಟ್ಟಳು. ಅವನು ಓಕ್ ಮರಗಳ ಮೂಲೆಗೆ ಕಟ್ಟಿದ.

ಹಂದಿಗಳು ಸರಿಯಾಗಿ ಆ ಮೂಲೆಯಿಂದಲೇ ಬಂದವು. ಗೂಟ ಉರುಳಿಸಿ, ಜಡೆಯನ್ನು ಕೆಸರಿನಲ್ಲಿ ತುಳಿದು, ಉಳಿದಿದ್ದರಲ್ಲಿ ಮುಕ್ಕಾಲು ತಿಂದುಹೋದವು.

ಊರು ಬಿಟ್ಟೀತೇ? "ಕುನಿಯ ನೆಂಟರು ಊಟ ಮುಗಿಸಿದ್ರಾ? ಸುಗಂಧ ಹಚ್ಚಿ ಕರೆದಿದ್ದಾಳಂತೆ," ಎಂದು ಕಂಡಕಂಡಲ್ಲಿ ಕೇಳಿದರು. ಕುನಿ ತಲೆಗೆ ಬಟ್ಟೆ ಕಟ್ಟಿಕೊಂಡು ಚರ್ಚಿನ ಹಿಂದಿನ ಸಾಲಿಗೆ ಸರಿದಳು. ಚಳಿಗಾಲಕ್ಕೆ ಎರಡು ಹಸು ಮಾರಿದರು. "ನನ್ನಿಂದಲೇ ಅಲ್ವೇನೆ?" ಎಂದು ನನ್ನ ಕುರ್ಚಿಯಲ್ಲಿ ಕೂತು ಅತ್ತಳು.

ಕಿಲಿಯಾನ್ ಅವಳನ್ನು ಬೈಯಲಿಲ್ಲ. ಮುಂದಿನ ವಸಂತದಲ್ಲಿ ಬಿತ್ತನೆ ಮುಗಿಸಿ ಮನೆಗೆ ಬಂದವನು, ನಾನೂ ಅಲ್ಲಿದ್ದೆ, ಬೂಟು ಕಳಚುತ್ತ ಹೇಳಿದ: "ಆ ಮೂಲೆಯಲ್ಲಿ ನಾಲ್ಕು ಸಾಲು ಜಾಸ್ತಿ ಹಾಕಿದ್ದೀನಿ ಕುನಿ. ನಿನ್ನ ನೆಂಟರು ಬಂದ್ರೆ ಕೈ ತೊಳೆಸಿ ಕೂರಿಸಬೇಕಲ್ಲ."

ಕುನಿ ಅವನ ಮುಖ ನೋಡಿದಳು. ಆಮೇಲೆ ನಕ್ಕಳು, ಮೇಜು ಹಿಡಿದುಕೊಂಡು ನಕ್ಕಳು. ಅಂಥ ಗಂಡ ನನಗೆ ಸಿಗಲಿಲ್ಲವಲ್ಲ ಎಂದು ಆವತ್ತು ನನಗೆ ಹೊಟ್ಟೆಕಿಚ್ಚಾಯಿತು. ಅಂದಿನಿಂದ ಆ ಸಾಲುಗಳು ನೆಂಟರವು. ಸಂಜೆ ಇಬ್ಬರೂ ಹೊಲದ ಬೆಂಚಿನ ಮೇಲೆ ಕೂತು ಅವು ಬರುವುದನ್ನು ಕಾಯುತ್ತಿದ್ದರು. ಅವಳ ತೊಡೆಯ ಮೇಲೆ ಒಮ್ಮೊಮ್ಮೆ ಪುಟ್ಟ ಲೊರೆನ್ಸ್ ಇರುತ್ತಿದ್ದ. ಕುನಿ ತೀರಿಕೊಂಡ ಮೇಲೆ ಕಿಲಿಯಾನ್ ಒಬ್ಬನೇ ಕೂರುತ್ತಿದ್ದ.

ಈಗ ಅದೂ ಹೋಗುವುದರಲ್ಲಿತ್ತು. ನನ್ನ ಕಾರಿನಲ್ಲಿ ಅವನನ್ನು ಹೊಲಕ್ಕೆ ಕರೆದೊಯ್ದೆ. ಮೇಡಂ ಚಿಕ್ಕ ವಯಸ್ಸಿನವಳು, ಮರ್ಯಾದೆಯವಳು. ಅವಳ ಡ್ರೋನ್ ದುಂಬಿಯಂತೆ ಗುಂಯ್ ಎನ್ನುತ್ತ ಹೊಲ ಸುತ್ತಿತು. ಪರದೆಯ ಮೇಲೆ ಮೂಲೆ ಬೋಳಾಗಿ ಕಂಡಿತು.

"ಇದು ಹಂದಿಗಳದ್ದೇ. ಬರ್ಕೊಳ್ಳಲಾ?" ಎಂದಳು.

ಲೊರೆನ್ಸ್ ಬಾಯಿ ತೆರೆಯುವ ಮೊದಲೇ ಕಿಲಿಯಾನ್ ಕೋಲೂರಿ ಮುಂದೆ ಬಂದ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಗುನುಗಿಕೊಂಡು ಬಂದಿದ್ದವನು. ಈಗ ಅದೆಲ್ಲ ಮರೆತೇಹೋಗಿತ್ತು. ಒಂದನ್ನೇ ಕೇಳಿದ, "ನೆಂಟರು ಉಂಡದ್ದನ್ನ ಹಾನಿ ಅಂತ ಬರೀತಾರೇನಮ್ಮ?"

ಮೇಡಂಗೆ ಅರ್ಥವಾಗಲಿಲ್ಲ. ಲೊರೆನ್ಸ್ ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮುರಿದ ಬೆಂಚಿನ ಕಡೆ ನೋಡುತ್ತ ನಿಂತ.

"ಆ ಮೂಲೆ ಬಿಟ್ಟುಬಿಡಿ ಮೇಡಂ," ಎಂದ ಕೊನೆಗೆ. "ಅದು ನಮ್ಮ ದೊಡ್ಡಮ್ಮಂದು."

ನನಗೆ ಅಳು ಬಂತು. ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಕಿಲಿಯಾನ್ ಹುಡುಗನ ಹೆಗಲ ಮೇಲೆ ಕೈಯಿಟ್ಟ.

"ಆ ಬೆಂಚು ರಿಪೇರಿ ಮಾಡ್ಸೋ," ಎಂದ. "ನೆಂಟರು ಬಂದಾಗ ಮನೇಲಿ ಯಾರಾದ್ರೂ ಇರ್ಬೇಕು."