ಅನ್ನದ ಮೇಲಿನ ಹನಿ

ಪಥ್ಯ, ವ್ರತ, ಮಡಿ ಇವನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಧಾರವಾಡದ ಮಾಳಮಡ್ಡಿಯ ವೈಷ್ಣವರ ಮನೆಗೆ ಸೊಸೆಯಾಗಿ ಬಂದವಳು ಈ ಸೀತಾಬಾಯಿ. ಅಂದಿನಿಂದ ಒಂದು ವರ್ಷವೂ ಚಾತುರ್ಮಾಸ್ಯ ತಪ್ಪಿಸಿಲ್ಲ. ಮೊದಲ ತಿಂಗಳು ಕಾಯಿಪಲ್ಯ ಇಲ್ಲ, ಎರಡನೆಯದಕ್ಕೆ ಮೊಸರಿಲ್ಲ, ಮೂರನೆಯದಕ್ಕೆ ಹಾಲಿಲ್ಲ, ನಾಲ್ಕನೆಯದಕ್ಕೆ ಬೇಳೆ ಇಲ್ಲ. ಹೀಗಾಗಿ ನನ್ನ ಮಗಳಿಗೆ ಆರು ವಾರದ ಪಥ್ಯ ಹೇಳಿದಾಗ ನಾನು ನಕ್ಕೆ. ಇದೇನು ಮಹಾ, ನಮ್ಮ ಚಾತುರ್ಮಾಸ್ಯಕ್ಕೆ ಇಂಗ್ಲಿಷ್ ಹೆಸರಿಟ್ಟಿದ್ದಾರೆ ಅಂದೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಗಳ ಹೆಸರು ತೃಪ್ತಿ. ಮೂವತ್ತಾರು ವರ್ಷ. ಹೂಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರನ್ನು, ಮೊಣಕಾಲು ಬದಲಿಸಿಕೊಂಡವರನ್ನು ಕೈ ಹಿಡಿದು ಮತ್ತೆ ನಡೆಸುವ ಕೆಲಸ. ಮನೆ ಪೇರ್ಲ್ಯಾಂಡ್‌ನಲ್ಲಿ. ೨೦೨೧ರ ಜನವರಿಯಲ್ಲಿ ಆ ಮನೆಯಲ್ಲಿ ಅವಳೂ, ಅವಳ ಜೊತೆ ಇದ್ದ ನಾವಿಬ್ಬರೂ, ಮೂವರೂ ಒಂದೇ ವಾರ ಕೋವಿಡ್ ಬಂದು ಮಲಗಿದೆವು. ನನಗೆ ನಾಲ್ಕು ದಿನದ ನೆಗಡಿಯಾಗಿ ಹೋಯಿತು. ನಮ್ಮವರು, ರಘೂತ್ತಮರಾಯರು, ಹತ್ತೊಂಬತ್ತನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ಕೊನೆಯ ಮುಖವನ್ನು ಫೋನಿನಲ್ಲಿ ನೋಡಿದೆ. ತೃಪ್ತಿಗೆ ವಾಸಿಯಾಯಿತು ಅಂದರು. ರೋಗವೇನೋ ಹೋಯಿತು, ಸುಸ್ತು ಹೋಗಲಿಲ್ಲ. ಮೂಗಿಗೆ ವಾಸನೆಯೂ ತಿರುಗಿ ಬರಲಿಲ್ಲ.

ಎರಡೂವರೆ ವರ್ಷ ಡಾಕ್ಟರರ ಮನೆ ಬಾಗಿಲು ತಿರುಗಿದೆವು. ರಕ್ತ ನಾರ್ಮಲ್, ಎದೆ ನಾರ್ಮಲ್, ಎಲ್ಲ ನಾರ್ಮಲ್. ನಾರ್ಮಲ್ ಇದ್ದವಳು ಸ್ನಾನ ಮಾಡಿ ಬಂದು ಟವೆಲ್ ಸುತ್ತಿಕೊಂಡೇ ಅರ್ಧ ತಾಸು ಮಲಗುತ್ತಾಳೇನು? ಸೊಪ್ಪು ಸೋಸಲು ಕೂತವಳು ಯಾಕೆ ಕೂತೆ ಎಂದು ಮರೆಯುತ್ತಾಳೇನು? ಎರಡು ಸಲ ಕೆಲಸಕ್ಕೆ ಹೋದಳು, ಎರಡು ಸಲವೂ ವಾರದೊಳಗೆ ಹಾಸಿಗೆ ಹಿಡಿದಳು. ಮೂರನೆಯ ಸಲ ಆಸ್ಪತ್ರೆಯವರು ಸೆಪ್ಟೆಂಬರ್ ಐದರವರೆಗೆ ರಜೆ ಕೊಟ್ಟರು. ಅಷ್ಟರೊಳಗೆ ಬರದಿದ್ದರೆ ಆ ಜಾಗಕ್ಕೆ ಬೇರೆಯವರು. ಕೆಲಸ ಅಂದರೆ ಅವಳಿಗೆ ಜೀವ. ಗುಣವಾದ ಯಾರೋ ಮುದುಕಪ್ಪ ಕೊಟ್ಟ ಊರುಗೋಲನ್ನು ತನ್ನ ಕೋಣೆಯಲ್ಲಿ ಇನ್ನೂ ಇಟ್ಟುಕೊಂಡಿದ್ದಾಳೆ.

ಜುಲೈಯಲ್ಲಿ ಅಳಿಯ ಸಮರ್ಥ್ ಒಬ್ಬ ಆಹಾರ ತಜ್ಞೆಯನ್ನು ಹುಡುಕಿದ. ಅವನ ಆಫೀಸು ಡಲ್ಲಾಸ್ ಕಡೆ, ಸೌತ್‌ಲೇಕ್‌ನಲ್ಲಿ. ಸೋಮವಾರ ಹೋದರೆ ಶುಕ್ರವಾರ ರಾತ್ರಿ ಬರುತ್ತಾನೆ. ಆ ಹುಡುಗಿ ಆಸ್ಟಿನ್ ಹತ್ತಿರದ ಲಿಯಾಂಡರ್‌ನವಳು, ಹೆಸರು ಜ್ಯೋತ್ಸ್ನಾ. ಹುಟ್ಟಿದ್ದು ಇಲ್ಲೇ, ತಂದೆತಾಯಿ ಮೈಸೂರಿನವರು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊದಲ ಸಲ ಮುಖತಃ ನೋಡಬೇಕು ಅಂದಳೆಂದು ಮೂರು ತಾಸು ಕಾರಿನಲ್ಲಿ ಹೋದೆವು. ತೃಪ್ತಿ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬಂದಳು.

ಹುಡುಗಿ ಆಸೆ ತೋರಿಸುವವಳಲ್ಲ. ಇದರಿಂದ ಕೆಲವರಿಗೆ ನಿದ್ದೆ ಸುಧಾರಿಸಿದೆ, ಮಂಕು ಕಡಿಮೆಯಾಗಿದೆ, ಕೆಲವರಿಗೆ ಏನೂ ಆಗಿಲ್ಲ ಎಂದು ಮೊದಲೇ ಹೇಳಿದಳು. ಆರು ವಾರ ಹಾಲಿನದು ಏನೂ ಇಲ್ಲ, ಗೋಧಿ ಇಲ್ಲ, ಸಕ್ಕರೆ ಇಲ್ಲ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಊಟ, ಪ್ರತಿ ಸಲವೂ ಬೇಳೆಯೋ ಕಾಳೋ ಇರಬೇಕು. ದಿನಾ ಸಂಜೆ ಮೈಯಲ್ಲಿ ಎಷ್ಟು ಕಸುವಿದೆ ಎಂದು ಹತ್ತಕ್ಕೆ ಅಂಕ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಬಿಟ್ಟದ್ದನ್ನು ಒಂದೊಂದಾಗಿ ಸೇರಿಸುತ್ತ, ಯಾವುದು ಮೈಗೆ ಆಗುವುದಿಲ್ಲ ಎಂದು ಹಿಡಿಯಬೇಕು. ನಡುವೆ ಒಂದು ದಿನ ತಪ್ಪಿದರೂ ಲೆಕ್ಕ ಸಿಗುವುದಿಲ್ಲ ಅಂದಳು.

ತಿರುಗಿ ಬರುವಾಗ ಹಿಂದಿನ ಸೀಟಿನಿಂದ ತೃಪ್ತಿ ಹೇಳಿದಳು: "ಅಮ್ಮ, ಇದೊಂದು ಮಾಡ್ತೀನಿ. ಇದಾದ ಮ್ಯಾಲೆ ಮತ್ತೊಂದು ಮಾಡೋ ಶಕ್ತಿ ನನ್ನ ಕಡೆ ಉಳಿದಿಲ್ಲ."

ನಾನಿದ್ದೇನೆ, ನೀನು ಸುಮ್ಮನೆ ಉಣ್ಣು ಅಂದೆ. ಮರುದಿನವೇ ಅವಳಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಕಟ್ಟೆ. ಒಗ್ಗರಣೆಗೆ ಕೊಬ್ಬರಿ ಎಣ್ಣೆ. ಮೊಸರಿನ ಕೈಯಲ್ಲಿ ಅವಳ ಪಾತ್ರೆ ಮುಟ್ಟಲಿಲ್ಲ. ಮಡಿಯಲ್ಲಿ ನುರಿತ ಕೈಗೆ ಇದೇನು ಕಷ್ಟ? ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಮೆರೆದೆ. ಶುಕ್ರವಾರ ಬರುವ ಅಳಿಯನಿಗೆಂದು ಬೆಣ್ಣೆ ಕಾಸಿ ತುಪ್ಪ ಮಾಡುತ್ತಿದ್ದೆ. ಅದರ ಗಿಂಡಿ ಒಲೆಯ ಪಕ್ಕದಲ್ಲೇ ಇರುತ್ತಿತ್ತು.

ಈಗ ಹೇಳಬೇಕಾದ್ದು ಹೇಳುತ್ತೇನೆ. ನಮ್ಮಲ್ಲಿ ಅನ್ನ ಬಡಿಸಿದ ಮೇಲೆ ಅದರ ಮೇಲೆ ಒಂದು ಹನಿ ತುಪ್ಪ ಬೀಳಲೇಬೇಕು. ಅದಕ್ಕೆ ಅಭಿಗಾರ ಅನ್ನುತ್ತೇವೆ. ಅದು ರುಚಿಗಲ್ಲ, ಹೊಟ್ಟೆಗಲ್ಲ, ಅನ್ನ ಶುದ್ಧವಾಗುವುದಕ್ಕೆ. ಚಾತುರ್ಮಾಸ್ಯದಲ್ಲಿ ಹಾಲು ಬಿಡುವ ತಿಂಗಳಲ್ಲೂ ಅಭಿಗಾರ ಬಿಟ್ಟವಳಲ್ಲ ನಾನು. ಜ್ಯೋತ್ಸ್ನಾ ಕೊಟ್ಟ ಪಟ್ಟಿಯಲ್ಲಿ ತುಪ್ಪ ಅಂತಲೂ ಇತ್ತು, ಓದಿದ್ದೆ. ಚಮಚೆಗಟ್ಟಲೆ ಹಾಕುವುದು ತುಪ್ಪ, ಹನಿಸುವುದು ಅಭಿಗಾರ ಎಂದು ನನಗೆ ನಾನೇ ಹೇಳಿಕೊಂಡೆ. ತೃಪ್ತಿಯ ತಟ್ಟೆಗೆ ದಿನವೂ ಒಂದು ಹನಿ ಬೀಳುತ್ತಿತ್ತು. ಅವಳಿಗೆ ವಾಸನೆ ತಿಳಿಯುವುದಿಲ್ಲ, ಗೊತ್ತಾಗಲಿಲ್ಲ.

ಬರೀ ಶಾಸ್ತ್ರದ ಹಟ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ತುಪ್ಪವಿಲ್ಲದ ಅನ್ನ ಉಣ್ಣುವುದು ಸೂತಕದ ಹತ್ತು ದಿನ ಮಾತ್ರ. ಅವರು ಹೋದಾಗ ಇದೇ ಮೇಜಿನ ಮೇಲೆ ನಾನೂ ತೃಪ್ತಿಯೂ ಒಣ ಅನ್ನ ನುಂಗಿದ್ದೆವು. ಅದೇ ಮೇಜಿನ ಮೇಲೆ ಅದೇ ಒಣ ಅನ್ನವನ್ನು ಬದುಕಿರುವ ಮಗಳ ಮುಂದೆ ಹೇಗೆ ಇಡಲಿ? ಮೊದಲ ದಿನ ಹನಿಸದೆ ಬಡಿಸಿ ತಟ್ಟೆಯನ್ನು ಮೇಜಿನವರೆಗೆ ಒಯ್ದೆ, ತಿರುಗಿ ತಂದೆ. ಗಿಂಡಿ ಎತ್ತಿಕೊಂಡೆ.

ಪುಸ್ತಕದಲ್ಲಿ ಅಂಕಗಳು ಏಳಲಿಲ್ಲ. ಮೂರು, ಮೂರು, ಎರಡು, ಮೂರು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ತಾನೇ ಎದ್ದು ರಸ್ತೆಯಂಚಿನ ಅಂಚೆ ಡಬ್ಬಿಯವರೆಗೆ ನಡೆದು ಬಂದಳು. ಆ ಸಂಜೆ ಐದು ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ನಾನು ಸಂಭ್ರಮಕ್ಕೆ ಹೆಸರುಬೇಳೆ ತೊವ್ವೆ ಮಾಡಿದೆ, ಬಿಸಿ ಅನ್ನದ ಮೇಲೆ ಹನಿಸಿದೆ. ಮರುದಿನ ಎರಡು. ಅವಳು ಅಂಕ ಬರೆದು ಗೋಡೆಯ ಕಡೆ ತಿರುಗಿ ಮಲಗಿದಳು.

ಆಗಸ್ಟ್ ಕೊನೆಗೆ ಆರು ವಾರ ಮುಗಿಯಿತು. ಜ್ಯೋತ್ಸ್ನಾ ಲ್ಯಾಪ್‌ಟಾಪಿನಲ್ಲಿ ಬಂದಳು. ಪುಸ್ತಕದ ಪುಟಗಳನ್ನೆಲ್ಲ ಒಂದೊಂದಾಗಿ ನೋಡಿದಳು. ನಡುವೆ ಅಷ್ಟು ಚೆನ್ನಾಗಿದ್ದ ದಿನ ಏನು ಉಂಡಿರಿ, ಮುಂದಿನ ದಿನ ಏನು ಎಂದು ಕೆದಕಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ನನ್ನನ್ನು ಕರೆದಳು. ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

"ಆಂಟಿ, ನಮ್ಮಜ್ಜಿ ಅನ್ನದ ಮೇಲೆ ಒಂದು ಡ್ರಾಪ್ ತುಪ್ಪ ಹಾಕ್ತಿದ್ರು. ನೀವೂ ಹಾಕ್ತೀರಾ?"

ಬೇರೆ ಯಾವ ತಜ್ಞೆಯೂ ಇದನ್ನು ಕೇಳುತ್ತಿರಲಿಲ್ಲ. ಇಲ್ಲ ಅನ್ನಬಹುದಿತ್ತು. ಪಕ್ಕದಲ್ಲಿ ತೃಪ್ತಿ ಇದ್ದಳು. ನಮ್ಮಮ್ಮ ಪಕ್ಕಾ ಇದ್ದಾಳೆ ಎಂಬ ನಂಬಿಕೆಯಲ್ಲಿ ಅವಳ ಮುಖ ಸಮಾಧಾನವಾಗಿತ್ತು.

"ಅದು ಊಟಕ್ಕಲ್ಲವ್ವಾ, ಅಭಿಗಾರ. ಒಂದೇ ಹನಿ," ಅಂದೆ.

ಜ್ಯೋತ್ಸ್ನಾ ಬೈಯಲಿಲ್ಲ. ಹಾಲು ಇವಳಿಗೆ ತೊಂದರೆ ಕೊಡುತ್ತದೋ ಇಲ್ಲವೋ ಈ ಆರು ವಾರದ ಲೆಕ್ಕದಿಂದ ಹೇಳಲಾಗುವುದಿಲ್ಲ, ಒಂದು ಹನಿಯಿಂದ ಏನೂ ಆಗಿರಲಿಕ್ಕಿಲ್ಲ, ಆಗಿರಲೂಬಹುದು, ಗೊತ್ತಾಗಬೇಕಾದರೆ ಮೊದಲಿನಿಂದ ಶುರು ಮಾಡಬೇಕು ಅಂದಳು. ಇನ್ನೂ ಆರು ವಾರ. ಸೆಪ್ಟೆಂಬರ್ ಐದಕ್ಕೆ ಉಳಿದದ್ದು ಏಳು ದಿನ.

ತೃಪ್ತಿ ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಏನೇನೋ ಬಡಬಡಿಸಿದೆ. ತಪ್ಪಾಯಿತು ಅಂದೆ, ಬೈ ನನಗೆ, ಎರಡೇಟು ಬೇಕಾದರೆ ಹೊಡಿ ಅಂದೆ. ಅವಳು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು.

"ನಾ ಬೈಯಂಗಿಲ್ಲಮ್ಮ," ಅಂದಳು. "ಬೈಲಿಕ್ಕೂ ಶಕ್ತಿ ಬೇಕಲ್ಲ."

ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಐದನೆಯ ತಾರೀಕು ಬಂತು, ಹೋಯಿತು. ಸಮರ್ಥ್ ರಜೆ ಹಾಕಿ ಬಂದು ಅವಳ ಗುರುತಿನ ಚೀಟಿಯನ್ನು ಆಸ್ಪತ್ರೆಗೆ ಒಪ್ಪಿಸಿ, ಅವಳ ಬೂಟು, ನೀರಿನ ಬಾಟಲಿ ಒಂದು ರಟ್ಟಿನ ಡಬ್ಬಿಯಲ್ಲಿ ತಂದ. ನನಗೆ ಅವನೂ ಒಂದು ಮಾತು ಅನ್ನಲಿಲ್ಲ. ಈ ಮನೆಯಲ್ಲಿ ನನ್ನನ್ನು ಬೈಯುತ್ತಿದ್ದವರು ಒಬ್ಬರೇ, ಅವರು ಫೋಟೋದಲ್ಲಿದ್ದಾರೆ. ಗಿಂಡಿಯಲ್ಲಿದ್ದ ತುಪ್ಪವನ್ನೆಲ್ಲ ದೇವರ ದೀಪಕ್ಕೆ ಸುರಿದೆ.

ಒಂಬತ್ತನೆಯ ತಾರೀಕು ಮಧ್ಯಾಹ್ನ ತೃಪ್ತಿ ತಾನೇ ಕೆಳಗೆ ಬಂದು ಕೂತಳು. ಮೊದಲಿನಿಂದ ಶುರು ಮಾಡೋಣವೇ ಎಂದು ಕೇಳುವ ಮುಖ ನನಗಿರಲಿಲ್ಲ. ಅನ್ನ ಬಡಿಸಿದೆ. ಬಲಗೈ ರೂಢಿಯಂತೆ ಗಿಂಡಿಯಿದ್ದ ಕಡೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ನನಗೂ ಅದೇ ಒಣ ಅನ್ನ ಹಾಕಿಕೊಂಡು ಎದುರಿಗೆ ಕೂತೆ. ಅವಳು ನನ್ನ ತಟ್ಟೆ ನೋಡಿದಳು, ತನ್ನ ತಟ್ಟೆ ನೋಡಿದಳು.

"ಅಪ್ಪ ಹೋದಾಗ ಹಿಂಗೇ ಉಂಡಿದ್ವಿ," ಅಂದಳು. ಅನ್ನವನ್ನು ಬೆರಳಲ್ಲಿ ಕೆದಕಿ, "ಅದಕ್ಕ ತುಪ್ಪ ಹಾಕ್ತಿದ್ದಿ ಏನು?"

ಹೌದು ಎಂದು ತಲೆಯಾಡಿಸಿದೆ.

"ನಾ ಇನ್ನೂ ಇದ್ದೀನಲ್ಲಮ್ಮ," ಅಂದಳು. ಪಕ್ಕದಲ್ಲಿದ್ದ ಪುಸ್ತಕವನ್ನು ನನ್ನ ಕಡೆ ಸರಿಸಿ, ಇವತ್ತಿನ ತಾರೀಕು ನೀನೇ ಬರಿ ಅಂದಳು. ನಾಲ್ಕು ತುತ್ತು ಉಂಡಳು. ಐದನೆಯದಕ್ಕೆ ಕೈ ಎತ್ತಲಾಗಲಿಲ್ಲ. ಮೊಣಕೈ ಊರಿ ತಟ್ಟೆಯನ್ನು ನೋಡುತ್ತ ಕೂತಳು.

ನಾನು ಎದ್ದು ಅವಳ ಪಕ್ಕಕ್ಕೆ ಹೋದೆ. ತೊವ್ವೆ ಹಾಕಿ ಕಲಸಿದೆ. ತುಪ್ಪವಿಲ್ಲದ ಅನ್ನ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಉದುರುತ್ತದೆ. ಉದುರಿದ್ದನ್ನು ಆರಿಸಿ ಆರಿಸಿ, ಮೂವತ್ತಾರು ವರ್ಷದ ಮಗಳ ಬಾಯಿಗೆ ತುತ್ತು ಇಟ್ಟೆ.