ಪರದೆಯಾಚೆಯ ಹಾಜಿರಾ

ಬನಶಂಕರಿಯ ಯಾರಬ್ ನಗರದ ಆ ಗಲ್ಲಿಯಲ್ಲಿ ರಂಜಾನ್ ತಿಂಗಳು ಬಂತೆಂದರೆ ಹೆಂಗಸರೆಲ್ಲ ಖುತೇಜಾಬಿಯವರ ನಡುಮನೆಯಲ್ಲಿ ಸೇರುವುದು ರೂಢಿ. ಗಂಡಸರು ರಾತ್ರಿಯ ನಮಾಜಿಗೆ ಮಸೀದಿಗೆ ಹೊರಟ ಮೇಲೆ ಇವರು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬೊಬ್ಬರಾಗಿ ಬರುವರು. ಭುಜಕ್ಕೆ ಭುಜ ತಾಗಿಸಿ ನಿಂತು ನಮಾಜು ಮುಗಿಸಿ, ಎಲ್ಲರೂ ಆಪಾ ಎನ್ನುವ ಖುತೇಜಾಬಿ ಕುರಾನಿನ ಅರ್ಥ ಬಿಡಿಸಿ ಹೇಳುವುದನ್ನು ಕೇಳಿ, ಎಲ್ಲರ ಪರವಾಗಿ ಅವರು ಮಾಡುವ ದುವಾಕ್ಕೆ ಆಮೀನ್ ಅಂದು, ಚಹಾ ಕುಡಿದು ಹೋಗುವರು.

ಖುತೇಜಾಬಿಗೂ ಅದು ಇಷ್ಟವೇ. ಆದರೆ ಈಚೆಗೆ ಒಳಗೆ ಏನೋ ಬರಿದಾದ ಹಾಗೆ. ನೆಲಕ್ಕೆ ಹಣೆ ಹಚ್ಚಿದಾಗಲೂ ಒಲೆಯ ಮೇಲಿನ ಹಾಲು ನೆನಪಾಗುವುದು. ಯಾರ ಮಗು ಅಳುತ್ತಿದೆ ಎಂದು ಕಿವಿ ಅತ್ತ ಹೋಗುವುದು. ಗಲ್ಲಿಗೆಲ್ಲ ಬೇಡಿಕೊಟ್ಟು, ತಾನು ಮಾತ್ರ ಏನೂ ಹೇಳಿಕೊಳ್ಳದೆ ಏಳುತ್ತಿದ್ದೇನೆ ಅನ್ನಿಸುವುದು.

ಈ ಸಲ ಕೊನೆಯ ಹತ್ತು ದಿನ ಇತಿಕಾಫ್ ಕೂರುತ್ತೇನೆ ಎಂದು ಸೊಸೆ ನಿಲೋಫರ್‌ಗೆ ಹೇಳಿದರು. ಗಂಡಸರು ಅದಕ್ಕಾಗಿ ಮಸೀದಿಯಲ್ಲಿ ಉಳಿಯುತ್ತಾರೆ. ಹೆಂಗಸರು ಮನೆಯಲ್ಲೇ ಒಂದು ಮೂಲೆ ಗೊತ್ತುಮಾಡಿಕೊಂಡು, ಹಬ್ಬದ ಚಂದ್ರ ಕಾಣುವವರೆಗೆ ಅಲ್ಲೇ ಪ್ರಾರ್ಥನೆಯಲ್ಲಿರುತ್ತಾರೆ. ನಡುಮನೆಯ ಕಿಟಕಿಯ ಪಕ್ಕಕ್ಕೆ ನಿಲೋಫರ್ ತನ್ನ ಹಸಿರು ಸೀರೆಯೊಂದನ್ನು ಪರದೆಯಾಗಿ ಕಟ್ಟಿದಳು. ಅತ್ತೆ ಏಳುವ ತನಕ ಯಾರೂ ಬರುವುದು ಬೇಡವೆಂದು ಗಲ್ಲಿಗೆಲ್ಲ ಹೇಳಿ ಬಂದಳು.

ಮೊದಲ ಎರಡು ರಾತ್ರಿ ಖುತೇಜಾಬಿ ನೀರಿನ ತಳದಲ್ಲಿ ಕೂತಂತೆ ಕೂತಿದ್ದರು. ಬೀದಿದೀಪದ ಬೆಳಕು ಸೀರೆಯ ಮೇಲೆ ಬಿದ್ದು, ಗೋಡೆ, ಜಪಮಣಿ, ಅವರ ಕೈ ಎಲ್ಲವೂ ತೆಳು ಹಸಿರಾಗುತ್ತಿದ್ದವು. ರಿಂಗ್ ರೋಡಿನ ಬಸ್ಸುಗಳ ಸದ್ದು ಎಲ್ಲೋ ದೂರದಲ್ಲಿ ಏರಿ ಇಳಿಯುತ್ತಿತ್ತು. ಇಷ್ಟು ನಿಶ್ಶಬ್ದ ಸಿಕ್ಕಿತ್ತು. ಆದರೂ ತನ್ನ ಮಾತು ಹೇಳಿಕೊಳ್ಳಹೋದರೆ ಬಾಯಿಗೆ ಬರುತ್ತಿದ್ದುದು ಗಲ್ಲಿಯವರ ಬೇಡಿಕೆಗಳೇ.

ಮೂರನೆಯ ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹಾಜಿರಾ. ತಲಘಟ್ಟಪುರದ ಕಡೆಯ ಹುಡುಗಿ. ಚಳಿಗಾಲದಲ್ಲಿ ಗಂಡ ತೀರಿಕೊಂಡಿದ್ದ. ಅತ್ತೆ ಏಕಾಂತಕ್ಕೆ ಕೂತಿದ್ದಾರೆ, ಬೇರೆ ಮನೆಗೆ ಹೋಗು ಎಂದು ನಿಲೋಫರ್ ಮೆಲ್ಲಗೆ ಹೇಳುತ್ತಿದ್ದಳು.

"ನಾನು ಮಾತಾಡಲ್ಲ ಅಕ್ಕ," ಅಂದಳು ಹಾಜಿರಾ. "ಮನೇಲಿ ಒಬ್ಳೇ ನಮಾಜಿಗೆ ನಿಲ್ತೀನಿ. ಕೊನೇಲಿ ಸಲಾಂ ಹೇಳಕ್ಕೆ ಆ ಕಡೆ ಈ ಕಡೆ ಮುಖ ತಿರುಗಿಸ್ತೀವಲ್ಲ, ಎರಡೂ ಕಡೆ ಬರೀ ಗೋಡೆ. ಅಲ್ಲಿಗೇ ಅಳು ಬಂದ್ಬಿಡುತ್ತೆ."

ಪರದೆಯೊಳಗೆ ಖುತೇಜಾಬಿಗೆ ಮೊದಲು ಬಂದದ್ದು ಸಿಟ್ಟು. ಈ ಹತ್ತು ದಿನವಾದರೂ ನನ್ನವಲ್ಲವೇ ಎಂದುಕೊಂಡರು. ಬಾಗಿಲ ಚಿಲಕ ಹಾಕುವ ಸದ್ದು ಕೇಳಿದ ಮೇಲೆ ತಡೆಯಲಾಗಲಿಲ್ಲ. ಅವಳನ್ನು ಕೂಗು ಎಂದರು ಸೊಸೆಗೆ.

"ಇಲ್ಲೇ ಪರದೆ ಪಕ್ಕ ಹಾಸ್ಕೊಳ್ಳೆ," ಅಂದರು, ಹಾಜಿರಾ ಒಳಗೆ ಬಂದಾಗ.

ಸೀರೆಯ ಆಚೆ ಅವಳು, ಈಚೆ ಇವರು. ಫ್ಯಾನಿನ ಗಾಳಿಗೆ ಪರದೆ ಉಬ್ಬಿ ಖುತೇಜಾಬಿಯ ಭುಜ ಸವರಿ ಹಿಂದಕ್ಕೆ ಹೋಗುತ್ತಿತ್ತು. ಆಚೆಯ ಉಸಿರು, ಬಟ್ಟೆಯ ಸರಪರ, ತುಟಿಯಲ್ಲೇ ಉಳಿದ ಅಕ್ಷರಗಳು. ಯಾವುದು ಅವಳ ಪಿಸುಮಾತು, ಯಾವುದು ತನ್ನದು ಎಂಬುದು ಸ್ವಲ್ಪ ಹೊತ್ತಿಗೆ ತಿಳಿಯದಂತಾಯಿತು. ಹಣೆ ನೆಲಕ್ಕಿಟ್ಟಾಗ ಮಾತು ತಾನಾಗಿ ಬಂತು: ನನ್ನ ಕಣ್ಣು ಮಂಜಾಗುತ್ತಿದೆ. ಅಕ್ಷರಗಳು ಒಂದರೊಳಗೊಂದು ಕರಗುತ್ತಿವೆ. ಯಾರಿಗೂ ಹೇಳಿಲ್ಲ. ಓದಲಾರದ ದಿನ ಬಂದರೆ ಈ ಹೆಂಗಸರಿಗೆ ನಾನು ಯಾರು?

ಹಣೆಯ ಕೆಳಗೆ ನೆಲ ತಣ್ಣಗಿತ್ತು. ಕೊನೆಗೆ ಬಲಕ್ಕೆ ತಿರುಗಿ ಸಲಾಂ ಹೇಳಿದಾಗ, ಹಸಿರಿನ ಆಚೆಯಿಂದ ಹಾಜಿರಾಳ ಸಲಾಂ ಇವರ ಕಡೆಗೆ ಬಂತು. ಅವಳ ದನಿ ಒಡೆಯಲಿಲ್ಲ.

ಮಾರನೆಯ ರಾತ್ರಿಯೂ ಅವಳು ಬಂದಳು. ಆಮೇಲೆ ಇನ್ನಿಬ್ಬರು ಕೇಳಿಕೊಂಡು ಬಂದರು. ರಂಜಾನಿನ ಇಪ್ಪತ್ತೇಳನೆಯ ರಾತ್ರಿ, ಎಚ್ಚರವಿದ್ದು ಪ್ರಾರ್ಥಿಸುವ ದೊಡ್ಡ ರಾತ್ರಿ, ನಡುಮನೆ ತುಂಬಿತ್ತು. ಆದರೆ ಚಹಾ ಇಲ್ಲ, ಹರಟೆ ಇಲ್ಲ. ಮಕ್ಕಳು ಕೂಡ ತಾಯಂದಿರ ದುಪಟ್ಟಾದೊಳಗೆ ನಿದ್ದೆಹೋಗಿದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ಮಾತನ್ನು ತಾವೇ ಹೇಳಿಕೊಳ್ಳುತ್ತಿದ್ದರು. ದುವಾ ಮಾಡಿ ಎಂದು ಯಾರೂ ಖುತೇಜಾಬಿಯನ್ನು ಕೇಳಲಿಲ್ಲ. ಅದರಿಂದ ಅವರಿಗೆ ಹಗುರವೂ ಆಯಿತು, ತುಸು ನೋವೂ ಆಯಿತು.

ಚಂದ್ರ ಕಂಡ ಸಂಜೆ ಗಲ್ಲಿಯೆಲ್ಲ ಮೆಹಂದಿ, ಬಳೆ ಎಂದು ಓಡಾಡುತ್ತಿತ್ತು. ಖುತೇಜಾಬಿ ಪರದೆ ಸರಿಸಿ ಹೊರಗೆ ಬಂದು ಹಾಜಿರಾಳನ್ನು ಹತ್ತಿರ ಕೂರಿಸಿಕೊಂಡರು. ಕಣ್ಣಿನ ವಿಷಯ ಮೊದಲು ಹೇಳಿದ್ದು ಅವಳಿಗೇ. ಹಬ್ಬ ಕಳೆದ ಮೇಲೆ ಆಸ್ಪತ್ರೆಗೆ ಜೊತೆಗೆ ಬರುತ್ತೇನೆಂದಳು ಅವಳು. ಅಲ್ಲಿಯ ತನಕ ದಿನಾ ಒಂದಿಷ್ಟು ಕುರಾನ್ ಓದಿ ಹೇಳು ಎಂದರು ಇವರು.

"ನಂಗೆ ಅರಬ್ಬಿ ತುಂಬಾ ನಿಧಾನ ಆಪಾ. ತಪ್ಪೂ ಆಗುತ್ತೆ."

"ಆಗ್ಲಿ ಬಿಡು. ನಂಗೆ ಬಾಯಿಪಾಠ ಬರುತ್ತಲ್ಲ, ತಿದ್ತೀನಿ."

ಹಾಜಿರಾ ಬೆರಳಿಟ್ಟು ಅಕ್ಷರ ಕೂಡಿಸತೊಡಗಿದಳು. ಖುತೇಜಾಬಿ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಾ ಕೂತರು.